‘ನಾನೇ ದೊಡ್ಡವನು’ ಅನ್ನುವ ಮಗುವಿಗೆ ಯಾವ ಕಥೆ ಹೇಳಲಿ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿಗೆ ಹೋಗುತ್ತಾನೆ. ಮಗಳಿಗೆ ಒಂದೂವರೆ. ಶಾಲೆಯಲ್ಲಿ ದೊಡ್ಡದು–ಚಿಕ್ಕದು ಪಾಠ ನಡೆಯುತ್ತಿದೆ. ವರ್ಕ್‌ಶೀಟಿನಲ್ಲಿ ಎಲ್ಲಾ ಸರಿಯಾಗಿ ಗುರುತು ಹಾಕುತ್ತಾನೆ. ಮನೆಯಲ್ಲಿ ಮಾತ್ರ ಉದ್ದನೆ ಲೋಟಕ್ಕೇ ಹಾಲು ಹಾಕಬೇಕು, ಅದರಲ್ಲೇ ಜಾಸ್ತಿ ಇರೋದು ಅಂತ ಹಟ. ತಂಗಿಯ ಕೈಯಿಂದ ಆಟಿಕೆ ಕಿತ್ತುಕೊಂಡು ‘ನಾನೇ ದೊಡ್ಡವನು, ನೀನು ಚಿಕ್ಕವಳು’ ಅನ್ನುತ್ತಾನೆ. ಜಂಬ ಇಳಿಯಲಿ ಅಂತ ಕಪ್ಪೆ ಮತ್ತು ಎತ್ತಿನ ಕಥೆ ಹೇಳಿದೆ. ಕಪ್ಪೆಯ ಹೊಟ್ಟೆ ಒಡೆದಾಗ ಅಳು ಮುಖ ಮಾಡಿಕೊಂಡು ‘ಅದರ ಮರಿಗೆ ಯಾರು ಊಟ ಕೊಡ್ತಾರೆ?’ ಅಂದ. ನೀತಿ ಹೇಳಲು ಹೋದರೆ ಎದ್ದು ಓಡಿದ. ಪ್ರಾಣಿಗಳ ಕಥೆಯಿಂದ ಅಳತೆಯನ್ನೂ ವಿನಯವನ್ನೂ ಕಲಿಸಬಹುದು ಅಂತಾರೆ. ನಿಜವಾಗಿ ಆಗುತ್ತದಾ? ಯಾವ ಕಥೆ ಹೇಳಲಿ, ಹೇಗೆ ಹೇಳಲಿ?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ಖಂಡಿತ ಆಗುತ್ತದೆ. ಆದರೆ ಮೊದಲು ನಿಮ್ಮ ಮಗ ಕೇಳಿದ ಪ್ರಶ್ನೆಯ ಬಗ್ಗೆ ಎರಡು ಮಾತು. ‘ಅದರ ಮರಿಗೆ ಯಾರು ಊಟ ಕೊಡ್ತಾರೆ?’ ಎಂದು ಕೇಳುವ ಮಗುವಿಗೆ ಜಂಬ ಬಂದಿದೆ ಅಂತ ನನಗೆ ಅನ್ನಿಸುವುದಿಲ್ಲ. ಕಥೆ ಕೇಳುವಾಗ ಅವನ ಮನಸ್ಸೆಲ್ಲಾ ಮರಿಯ ಮೇಲಿತ್ತು. ಅಮ್ಮನಿಗೆ ಏನೋ ಆಗಿಹೋಯಿತು, ಇನ್ನು ಮರಿಯ ಗತಿ ಏನು ಅನ್ನುವುದು ಅವನ ಚಿಂತೆ. ಒಂದೂವರೆ ವರ್ಷದಿಂದ ಅಮ್ಮನ ಮಡಿಲನ್ನು ತಂಗಿಯ ಜೊತೆ ಹಂಚಿಕೊಳ್ಳುತ್ತಿರುವ ಹುಡುಗನಿಗೆ ಇದೇನು ಸಣ್ಣ ಚಿಂತೆಯಲ್ಲ. ಇದನ್ನು ನೆನಪಿಟ್ಟುಕೊಂಡಿರಿ, ಕಪ್ಪೆಯ ಹತ್ತಿರ ಮತ್ತೆ ಬರುತ್ತೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿಯನ್ನೂ ಕೊಡುತ್ತೇನೆ. ‘ನಾನೇ ದೊಡ್ಡವನು’, ‘ನಾನೇ ದೊಡ್ಡವಳು’ ಅನ್ನುವ ಮಾತು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಮೊದಲೆಲ್ಲಾ ಅದನ್ನು ಜಂಬ ಅಂತ ತಿಳಿದು ತಿದ್ದಲು ಹೋಗುತ್ತಿದ್ದೆ. ಈಗ ಅದು ನನಗೆ ಅರ್ಧಕ್ಕೆ ನಿಂತ ಮಾತಿನ ಹಾಗೆ ಕೇಳಿಸುತ್ತದೆ. ಉಳಿದ ಅರ್ಧ ‘ಯಾರಿಗಿಂತ?’ ಅನ್ನುವುದು. ಆ ಅರ್ಧವನ್ನು ಮಗುವಿನ ಬಾಯಲ್ಲಿ ಬರಿಸಿದರೆ ಅಳತೆಯ ಪಾಠವೂ ಆಯಿತು, ವಿನಯದ ಪಾಠವೂ ಶುರುವಾಯಿತು. ನಾಲ್ಕು ವರ್ಷದ ಮಗುವಿಗೆ ಇವೆರಡೂ ಬೇರೆ ಬೇರೆ ಪಾಠಗಳಲ್ಲ.

ನಮ್ಮ ‘ದೊಡ್ಡ’ ಅನ್ನುವ ಪದವನ್ನು ಮಗುವಿನ ಜಾಗದಲ್ಲಿ ನಿಂತು ಒಂದು ಸಲ ನೋಡಿ. ದೊಡ್ಡ ಡಬ್ಬಿ ಅಂದರೆ ಗಾತ್ರ. ದೊಡ್ಡಪ್ಪ ಅಂದರೆ ವಯಸ್ಸು. ದೊಡ್ಡ ಮನುಷ್ಯರು ಅಂದರೆ ಗೌರವ. ಮೂರಕ್ಕೂ ಒಂದೇ ಪದ. ಎಷ್ಟೋ ಮನೆಗಳಲ್ಲಿ ದೊಡ್ಡಪ್ಪ ಕುಳ್ಳಗಿರುತ್ತಾರೆ, ಚಿಕ್ಕಪ್ಪ ಆರಡಿ ಇರುತ್ತಾರೆ. ‘ಚಿಕ್ಕಪ್ಪ ಯಾಕೆ ದೊಡ್ಡಪ್ಪ ಅಲ್ಲ?’ ಎಂದು ಮಗು ಕೇಳಿದರೆ ನಾವು ನಕ್ಕುಬಿಡುತ್ತೇವೆ. ಅದು ನಗುವ ಪ್ರಶ್ನೆಯಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಮಕ್ಕಳನ್ನು ಕೂರಿಸಿಕೊಂಡು ಇಂಥದ್ದನ್ನೇ ಕೇಳಿ ನೋಡಿದ್ದರು. ಎತ್ತರ ಇರುವವರಿಗೇ ವಯಸ್ಸು ಜಾಸ್ತಿ ಎಂದು ಪುಟ್ಟ ಮಕ್ಕಳು ನಂಬುತ್ತಾರೆ. ಎತ್ತರದ ಮರವೇ ಹಳೆಯ ಮರ ಅನ್ನುತ್ತಾರೆ. ಗಾತ್ರ, ವಯಸ್ಸು, ಯೋಗ್ಯತೆ ಮೂರೂ ಅವರ ತಲೆಯಲ್ಲಿ ಒಂದೇ ಗಂಟಾಗಿರುತ್ತದೆ. ನಿಮ್ಮ ಮಗ ‘ನಾನು ದೊಡ್ಡವನು, ಆದ್ದರಿಂದ ಆಟಿಕೆ ನನ್ನದು’ ಅನ್ನುವುದು ಆ ಗಂಟಿನಿಂದಲೇ. ಒಳ್ಳೆಯ ಪ್ರಾಣಿ ಕಥೆ ಆ ಗಂಟನ್ನು ನಿಧಾನವಾಗಿ ಬಿಡಿಸುತ್ತದೆ.

ವರ್ಕ್‌ಶೀಟ್ ಬಿಡಿಸುವುದಿಲ್ಲ. ಆನೆಯ ಚಿತ್ರ, ಇಲಿಯ ಚಿತ್ರ, ದೊಡ್ಡದಕ್ಕೆ ಗುರುತು ಹಾಕಿ. ಮಗು ಎರಡನ್ನೂ ಹೋಲಿಸಿ ನೋಡುವುದೇ ಇಲ್ಲ. ಆನೆ ಅಂದರೆ ದೊಡ್ಡದು, ಇಲಿ ಅಂದರೆ ಚಿಕ್ಕದು ಅಂತ ಬಾಯಿಪಾಠ. ಒಂದು ದಿನ ನೀವೇ ಹಾಳೆ ತುಂಬಾ ಒಂದು ಇಲಿ, ಮೂಲೆಯಲ್ಲಿ ಬೆರಳಷ್ಟು ಆನೆ ಬರೆದು ‘ಈ ಚಿತ್ರದಲ್ಲಿ ಯಾವುದು ದೊಡ್ಡದು?’ ಎಂದು ಕೇಳಿ. ಹೆಚ್ಚಿನ ಮಕ್ಕಳು ತಡವರಿಸುತ್ತಾರೆ. ಆ ತಡವರಿಕೆ ಒಳ್ಳೆಯದು. ಅಲ್ಲಿಂದಲೇ ನಿಜವಾದ ಹೋಲಿಕೆ ಶುರು.

ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಹೋಲಿಸುವಾಗ ಪದದ ರೂಪವೇ ಬದಲಾಗುತ್ತದೆ. ಕನ್ನಡದಲ್ಲಿ ‘ದೊಡ್ಡದು’ ಹಾಗೇ ಇರುತ್ತದೆ, ಪಕ್ಕದಲ್ಲಿ ‘ಗಿಂತ’ ಬಂದು ಕೂರುತ್ತದೆ. ಇಲಿಗಿಂತ ಬೆಕ್ಕು ದೊಡ್ಡದು. ನಾಯಿಗಿಂತ ಬೆಕ್ಕು ಚಿಕ್ಕದು. ಬೆಕ್ಕು ಬದಲಾಗಲಿಲ್ಲ, ಪಕ್ಕದಲ್ಲಿ ನಿಂತವರು ಬದಲಾದರು. ಇಷ್ಟು ಚಿಕ್ಕ ಪದದಲ್ಲಿ ಇಷ್ಟು ದೊಡ್ಡ ವಿಷಯ ಇದೆ. ಆದ್ದರಿಂದ ಶಾಲೆಯ ಭಾಷೆ ಇಂಗ್ಲಿಷ್ ಆದರೂ ಮನೆಯಲ್ಲಿ ಈ ಆಟವನ್ನು ಕನ್ನಡದಲ್ಲೇ ಆಡಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸುವುದು ಒಳ್ಳೆಯದು ಎಂದಿದೆ.

ಕಥೆಗೆ ಮುಂಚೆ ಅಡುಗೆಮನೆಯಲ್ಲಿ ಒಂದು ಆಟ ಆಡಿ. ಮೂರು ಸ್ಟೀಲ್ ಡಬ್ಬಿ ಸಾಕು. ನಮ್ಮ ತರಗತಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಾಲ್ಕು ವರ್ಷದ ಒಬ್ಬ ಹುಡುಗಿಯ ಮುಂದೆ ಅರಿಶಿನದ ಡಬ್ಬಿ, ಸಕ್ಕರೆ ಡಬ್ಬಿ ಇಟ್ಟೆ. ಯಾವುದು ದೊಡ್ಡದು? ‘ಸಕ್ಕರೆದು’ ಅಂದಳು. ಅರಿಶಿನದ ಡಬ್ಬಿ ತೆಗೆದು ಆ ಜಾಗದಲ್ಲಿ ಅಕ್ಕಿ ಡಬ್ಬಿ ಇಟ್ಟೆ. ಈಗ? ಅವಳು ಬಾಯಿ ತೆರೆದು ನಿಂತಳು. ಸಕ್ಕರೆ ಡಬ್ಬಿ ಎತ್ತಿಕೊಂಡಳು. ತಿರುಗಿಸಿದಳು. ತಳ ನೋಡಿದಳು. ಮುಚ್ಚಳ ತೆಗೆದು ಒಳಗೂ ಇಣುಕಿದಳು. ಆಮೇಲೆ ‘ಮಿಸ್, ಇದು ಚಿಕ್ಕದಾಗೋಯ್ತು!’ ಅಂದಳು. ನಾನು ಏನೂ ತಿದ್ದಲಿಲ್ಲ. ಮತ್ತೆ ಅರಿಶಿನದ ಡಬ್ಬಿ ತಂದು ಪಕ್ಕದಲ್ಲಿ ಇಟ್ಟೆ. ‘ಮತ್ತೆ ದೊಡ್ಡದಾಯ್ತು!’ ನಾಲ್ಕೈದು ಸಲ ತಾನೇ ಡಬ್ಬಿ ಬದಲಿಸಿ ನೋಡಿದಳು. ಮಾರನೆಯ ದಿನ ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಗಳಲ್ಲಿ ತನ್ನದನ್ನು ಹುಡುಕಿ, ಒಂದು ಕಡೆ ಮೂರು ವರ್ಷದವರ ಚಪ್ಪಲಿ, ಇನ್ನೊಂದು ಕಡೆ ನನ್ನ ಚಪ್ಪಲಿ ಇಟ್ಟು, ‘ನಾನು ಸಕ್ಕರೆ ಡಬ್ಬಿ’ ಅಂದಳು. ವಿನಯ ಅನ್ನುವುದು ಆ ವಯಸ್ಸಿಗೆ ಇಷ್ಟೇ. ತನಗಿಂತ ದೊಡ್ಡವರು ಇದ್ದಾರೆ, ಚಿಕ್ಕವರೂ ಇದ್ದಾರೆ, ನಡುವೆ ನಾನು ಇದ್ದೇನೆ, ಅದರಲ್ಲಿ ಏನೂ ತೊಂದರೆ ಇಲ್ಲ. ಅವಳ ಮುಖದಲ್ಲಿ ಸೋತ ಭಾವ ಇರಲಿಲ್ಲ. ಹೊಸದೇನೋ ಸಿಕ್ಕಿದ ಖುಷಿ ಇತ್ತು.

ಉದ್ದನೆ ಲೋಟದ ಹಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಿಯಾಜೆ ಅವರ ಹೆಸರಾಂತ ಪ್ರಯೋಗವೇ ಅದು. ಅಗಲ ಲೋಟದಿಂದ ಉದ್ದ ಲೋಟಕ್ಕೆ ನೀರು ಸುರಿದರೆ ಈ ವಯಸ್ಸಿನವರು ನೀರು ಜಾಸ್ತಿಯಾಯಿತು ಅನ್ನುತ್ತಾರೆ. ಒಂದು ಸಲಕ್ಕೆ ಒಂದು ಗುಣವನ್ನಷ್ಟೇ ಅವರ ಕಣ್ಣು ಹಿಡಿಯುತ್ತದೆ, ಅದು ಹೆಚ್ಚಾಗಿ ಎತ್ತರ. ಆರೇಳು ವರ್ಷದ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಈಗ ನೀವು ಮಾಡಬೇಕಾದ್ದು ಬೇರೆ ಪದಗಳನ್ನು ಕೊಡುವುದು. ಉದ್ದ, ಅಗಲ, ಎತ್ತರ, ದಪ್ಪ, ತೆಳ್ಳಗೆ, ಭಾರ, ಹಗುರ. ಬರೀ ದೊಡ್ಡ–ಚಿಕ್ಕದಲ್ಲೇ ನಿಂತರೆ ಎಲ್ಲದಕ್ಕೂ ಎತ್ತರವೇ ಅಳತೆಗೋಲು ಆಗಿಬಿಡುತ್ತದೆ. ‘ನಿನ್ನ ಲೋಟ ಉದ್ದ, ತಂಗಿ ಲೋಟ ಅಗಲ’ ಎಂದು ಹೇಳುತ್ತಾ ಹಾಲು ಕೊಡಿ. ಸರಿ ತಪ್ಪು ಅಂತ ವಾದ ಬೇಡ.

ಇನ್ನು ಕಪ್ಪೆ. ಇದು ಈಸೋಪನ ಹೆಸರಿನಲ್ಲಿ ಬಂದ ಗ್ರೀಕ್ ಕಥೆ. ನಾವು ಸಾಮಾನ್ಯವಾಗಿ ಹೇಳುವುದು ಕಪ್ಪೆಯ ಹೊಟ್ಟೆಕಿಚ್ಚು, ಹೊಟ್ಟೆ ಒಡೆದದ್ದು, ಕೊನೆಗೆ ನೀತಿ. ಈ ಕಥೆಯ ಹಳೆಯ ರೂಪಗಳಲ್ಲಿ ಒಂದು ಚಂದದ್ದು ಇದೆ. ಅಲ್ಲಿ ಎತ್ತನ್ನು ನೋಡುವುದು ಮರಿಗಳು. ನೋಡಿ ಬಂದು ಅಮ್ಮನಿಗೆ ಹೇಳುತ್ತವೆ. ತಾಯಿ ಕಪ್ಪೆ ಎತ್ತನ್ನು ನೋಡಿಯೇ ಇಲ್ಲ. ‘ಎಷ್ಟು ದೊಡ್ಡದು? ಇಷ್ಟಾ?’ ಎಂದು ಮೈ ಉಬ್ಬಿಸಿ ತೋರಿಸುತ್ತದೆ. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಳತೆಯ ಪಾಠ ಎಲ್ಲಿ ಸಿಗುತ್ತದೆ? ನಾನು ಹೀಗೆ ಹೇಳುತ್ತೇನೆ:

‘ಅಮ್ಮಾ, ಕೆರೆ ಏರಿ ಮೇಲೆ ಒಂದು ದೊಡ್ಡ ಪ್ರಾಣಿ ನೋಡ್ದೆ!’
‘ಎಷ್ಟು ದೊಡ್ಡದು ಮರಿ? ಇಷ್ಟಾ?’ (ಇಲ್ಲಿ ನೀವೂ ಮಗನೂ ಕೆನ್ನೆ ಉಬ್ಬಿಸಬೇಕು.)
‘ಊಹೂಂ, ಇನ್ನೂ!’
‘ಇಷ್ಟಾ?’
‘ಇನ್ನೂ! ಅದರ ಗೊರಸೇ ನಿನಗಿಂತ ದೊಡ್ಡದು ಅಮ್ಮಾ.’

ಆ ಗೊರಸಿನ ಮಾತು ನನ್ನದೇ ಸೇರ್ಪಡೆ. ಪ್ರತಿ ‘ಇನ್ನೂ’ ಬಂದಾಗ ನಿಂತು ಕೇಳಿ. ಕಪ್ಪೆ ಈಗ ನಿಂಬೆಹಣ್ಣಿಗಿಂತ ದೊಡ್ಡದಾಯಿತಾ? ತೆಂಗಿನಕಾಯಿಗಿಂತ? ಎತ್ತಿನ ಕಿವಿಗಿಂತ? ಮನೆಯಲ್ಲಿರುವ ನಿಂಬೆಹಣ್ಣು, ತೆಂಗಿನಕಾಯಿ ಎದುರಿಗೇ ಇರಲಿ. ಮಗು ಕೈಯಲ್ಲಿ ಹಿಡಿದು ಹೇಳಲಿ. ನಿಮ್ಮ ಕಡೆ ಎತ್ತು ನೋಡಲು ಈಗಲೂ ಸಿಗುತ್ತದೆ, ಅಲ್ವಾ? ಯಾರದಾದರೂ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಸ್ವಲ್ಪ ದೂರದಲ್ಲೇ ನಿಂತು ಗೊರಸು ತೋರಿಸಿ.

ಹೊಟ್ಟೆ ಒಡೆಯುವ ಕೊನೆಯನ್ನು ಐದು ವರ್ಷದ ಒಳಗಿನವರಿಗೆ ನಾನು ಹೇಳುವುದಿಲ್ಲ. ಕಥೆಯನ್ನು ಬದಲಾಯಿಸುವುದು ತಪ್ಪು ಅನ್ನುವವರು ಇದ್ದಾರೆ. ಏಳು ವರ್ಷಕ್ಕೆ ಮೂಲ ಕಥೆಯನ್ನೇ ಹೇಳಿ, ನನ್ನ ತಕರಾರಿಲ್ಲ. ನಾಲ್ಕರ ಮಗುವಿಗೆ ಮಾತ್ರ ಆ ಕೊನೆಯಿಂದ ವಿನಯ ಬರುವುದಿಲ್ಲ, ಹೆದರಿಕೆ ಬರುತ್ತದೆ. ನನ್ನ ಕಥೆಯಲ್ಲಿ ಮರಿ ಹೇಳುತ್ತದೆ: ‘ಸಾಕಮ್ಮಾ, ಉಬ್ಬಬೇಡ. ಎತ್ತಿಗೆ ತಾವರೆ ಎಲೆ ಮೇಲೆ ಕೂರೋಕೆ ಆಗಲ್ಲ. ನೀನು ಇಷ್ಟೇ ಇರು, ನನ್ನ ಪಕ್ಕ ಕೂತ್ಕೋ.’ ಕಪ್ಪೆ ಉಸ್ಸಂತ ಗಾಳಿ ಬಿಡುತ್ತದೆ. ಮಕ್ಕಳೂ ಬಿಡುತ್ತಾರೆ. ಆ ಉಸಿರು ಬಿಡುವಾಗ ತರಗತಿಯೆಲ್ಲಾ ಹಗುರಾಗುತ್ತದೆ.

ಇನ್ನೊಂದು ಸಂಗತಿ. ನಿಜವಾದ ಕಪ್ಪೆಗಳೂ ಉಬ್ಬುತ್ತವೆ. ಹಾವು ಹತ್ತಿರ ಬಂದರೆ ಕೆಲವು ಕಪ್ಪೆಗಳು ಗಾಳಿ ಎಳೆದುಕೊಂಡು ಮೈ ಊದಿಸಿಕೊಳ್ಳುತ್ತವೆ. ದೊಡ್ಡದಾಗಿ ಕಂಡರೆ ಹಾವು ಹಿಂದೆ ಸರಿಯಬಹುದು, ನುಂಗಲೂ ಕಷ್ಟ. ಅಂದರೆ ಕಪ್ಪೆ ಮೈ ಉಬ್ಬಿಸುವುದು ಜಂಬದಿಂದಲ್ಲ, ಹೆದರಿಕೆಯಿಂದ. ಇದನ್ನು ತಿಳಿದ ಮೇಲೆ ‘ನಾನೇ ದೊಡ್ಡವನು’ ಅನ್ನುವ ಮಕ್ಕಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಮನೆಗೆ ತಂಗಿ ಬಂದಿದ್ದಾಳೆ. ಬಂದವರೆಲ್ಲಾ ಮೊದಲು ಅವಳನ್ನೇ ಎತ್ತಿಕೊಳ್ಳುತ್ತಾರೆ. ಇವನ ಹತ್ತಿರ ಉಳಿದಿರುವ ಒಂದೇ ಒಂದು ಹೆಚ್ಚುಗಾರಿಕೆ ಎಂದರೆ ದೊಡ್ಡವನಾಗಿರುವುದು. ಅದನ್ನೇ ಉಬ್ಬಿಸಿ ಹಿಡಿದಿದ್ದಾನೆ. ಅಲ್ಲಿಗೆ ಸೂಜಿ ಚುಚ್ಚುವ ಕಥೆ ಬೇಡ. ದಿನಕ್ಕೆ ಹದಿನೈದು ನಿಮಿಷ ತಂಗಿ ಇಲ್ಲದೆ ಅವನ ಜೊತೆ ಮಾತ್ರ ಕೂತುಕೊಳ್ಳಿ. ಅರ್ಧ ಕೆಲಸ ಅದರಲ್ಲೇ ಆಗುತ್ತದೆ.

ಭಾನುವಾರ ಪೂರಿ ಮಾಡುವುದಿದ್ದರೆ ಅವನಿಗೆ ಎರಡು ಒಂದೇ ಸಮದ ಹಿಟ್ಟಿನ ಉಂಡೆ ಕೊಡಿ. ಒಂದನ್ನು ಲಟ್ಟಿಸಲಿ. ಯಾವುದು ದೊಡ್ಡದು ಅಂದರೆ ಲಟ್ಟಿಸಿದ್ದು ಅನ್ನುತ್ತಾನೆ. ಸರಿ ಅನ್ನಿ. ಆಮೇಲೆ ದೂರ ನಿಂತು ಎಣ್ಣೆಯಲ್ಲಿ ಅದು ಉಬ್ಬುವುದನ್ನು ನೋಡಲಿ. ‘ಕಪ್ಪೆ ಥರ ಉಬ್ಬಿತು!’ ಅಂತ ಅವನೇ ಕೂಗಬಹುದು. ಆರಿದ ಮೇಲೆ ಬೆರಳಲ್ಲಿ ಒತ್ತಲಿ. ಒಳಗೆ ಏನಿತ್ತು? ಏನೂ ಇಲ್ಲ, ಗಾಳಿ, ಹಬೆ. ಹಿಟ್ಟು ಎಷ್ಟಿತ್ತೋ ಅಷ್ಟೇ. ನೀವು ಬಾಯಿ ಬಿಟ್ಟು ಏನೂ ಹೇಳಬೇಡಿ. ಪೂರಿ ತಿನ್ನಲಿ.

ನನಗೆ ತುಂಬಾ ಇಷ್ಟವಾದ ಕಥೆ ಇನ್ನೊಂದಿದೆ, ಬೌದ್ಧರ ಜಾತಕ ಕಥೆಗಳಲ್ಲಿ ಬರುವ ತಿತ್ತಿರಿ ಜಾತಕ. ತಿತ್ತಿರಿ ಅಂದರೆ ಕೌಜುಗ ಹಕ್ಕಿ. ಒಂದು ಆಲದ ಮರದ ಹತ್ತಿರ ಆನೆ, ಕೋತಿ, ಕೌಜುಗ ಮೂರೂ ಇದ್ದವು. ನಮ್ಮಲ್ಲಿ ಯಾರು ದೊಡ್ಡವರು, ಯಾರಿಗೆ ಯಾರು ಗೌರವ ಕೊಡಬೇಕು ಅನ್ನುವ ಮಾತು ಬಂತು. ಆನೆ ಹೇಳಿತು: ‘ನಾನು ಮರಿಯಾಗಿದ್ದಾಗ ಈ ಮರದ ಮೇಲೆ ದಾಟಿ ಹೋಗ್ತಿದ್ದೆ, ತುದಿ ನನ್ನ ಹೊಟ್ಟೆಗೆ ತಾಗ್ತಿತ್ತು.’ ಕೋತಿ ಹೇಳಿತು: ‘ನಾನು ಮರಿಯಾಗಿದ್ದಾಗ ನೆಲದ ಮೇಲೆ ಕೂತೇ ಇದರ ತುದಿಯ ಚಿಗುರು ತಿಂತಿದ್ದೆ.’ ಆಮೇಲೆ ಕೌಜುಗ ಮೆಲ್ಲಗೆ ಹೇಳಿತು: ‘ದೂರದಲ್ಲಿ ಒಂದು ಆಲದ ಮರ ಇತ್ತು. ಅದರ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿದ್ದೆ. ಆ ಬೀಜವೇ ಈ ಮರ.’ ಆನೆ, ಕೋತಿ ಎರಡೂ ಆ ಪುಟ್ಟ ಹಕ್ಕಿಗೆ ತಲೆ ಬಾಗಿಸಿದವು.

ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಯಾರಿಗೂ ಶಿಕ್ಷೆ ಇಲ್ಲ. ಆನೆ ಪೆದ್ದು ಅಲ್ಲ, ಕೆಟ್ಟದ್ದೂ ಅಲ್ಲ, ಸುಮ್ನೆ ಒಂದು ಹೊಸ ವಿಷಯ ತಿಳಿದುಕೊಂಡಿತು. ಗಾತ್ರ ಬೇರೆ, ವಯಸ್ಸು ಬೇರೆ ಅನ್ನುವುದು ಎಷ್ಟು ಸಲೀಸಾಗಿ ಬಂತು ನೋಡಿ. ಜೊತೆಗೆ ಮರ ಬೆಳೆಯುತ್ತದೆ, ಇಂದು ಚಿಕ್ಕದಾಗಿರುವುದು ನಾಳೆಯೂ ಹಾಗೇ ಇರುವುದಿಲ್ಲ ಅನ್ನುವುದೂ ಬಂತು. ಭೂತಾನದಲ್ಲಿ ಇದಕ್ಕೆ ಒಂದು ಮೊಲವನ್ನೂ ಸೇರಿಸಿ, ಆನೆಯ ಮೇಲೆ ಕೋತಿ, ಅದರ ಮೇಲೆ ಮೊಲ, ಎಲ್ಲಕ್ಕಿಂತ ಮೇಲೆ ಹಕ್ಕಿ ಕೂತ ಚಿತ್ರವನ್ನು ಮನೆ, ಮಠಗಳ ಗೋಡೆ ಮೇಲೆ ಬರೆಯುತ್ತಾರೆ. ನೀವೂ ಮಗನ ಕೈಯಲ್ಲಿ ಬರೆಸಿ. ಅತಿ ದೊಡ್ಡದು ಕೆಳಗೆ, ಅತಿ ಚಿಕ್ಕದು ಮೇಲೆ. ಸಾಲು ಜೋಡಿಸುವ ಲೆಕ್ಕವೂ ಅದರಲ್ಲೇ ಆಗುತ್ತದೆ.

ಕಥೆ ಹೇಳಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ. ಹಳೆಯ ಗೋಡೆಯ ಬಿರುಕಿನಲ್ಲಿ, ಗುಡಿಯ ಗೋಪುರದ ಸಂದಿಯಲ್ಲಿ ಆಲದ ಸಸಿ ಎದ್ದಿರುತ್ತದೆ. ಅಲ್ಲಿಗೆ ಯಾರು ನೆಟ್ಟರು ಎಂದು ಕೇಳಿ. ಆಲದ ಹಣ್ಣು ಸಿಕ್ಕರೆ ಬಿಡಿಸಿ ತೋರಿಸಿ, ಬೀಜ ಸಾಸಿವೆಗಿಂತ ಚಿಕ್ಕದು. ಬೆಂಗಳೂರಿನ ಕಡೆ ಬಂದರೆ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿಸಿ. ಸುಮಾರು 400 ವರ್ಷದ್ದು, ಮೂರು ಎಕರೆ ಹಬ್ಬಿದೆ. ಅದರ ಕೆಳಗೆ ನಿಂತು ಈ ಕಥೆ ಹೇಳಿದರೆ ಮಗು ಮೇಲೆ ನೋಡುತ್ತದೆ, ಕೆಳಗೆ ನೋಡುತ್ತದೆ, ಮತ್ತೆ ಮೇಲೆ ನೋಡುತ್ತದೆ.

ಸಿಂಹ ಮತ್ತು ಇಲಿಯ ಕಥೆಯನ್ನೂ ಹೇಳಿ, ಆದರೆ ಒಂದು ಎಚ್ಚರಿಕೆ. ನಾವು ಅದನ್ನು ‘ಚಿಕ್ಕವರೇ ಜಾಣರು, ದೊಡ್ಡವರು ದಡ್ಡರು’ ಅನ್ನುವ ಹಾಗೆ ಹೇಳಿಬಿಡುತ್ತೇವೆ. ಆಗ ಜಂಬ ಸಿಂಹದ ತಲೆಯಿಂದ ಇಳಿದು ಇಲಿಯ ತಲೆಗೆ ಏರುತ್ತದೆ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಬಲೆಯಲ್ಲಿ ಸಿಕ್ಕ ಸಿಂಹ ಇಲಿಯ ಸಹಾಯ ತೆಗೆದುಕೊಳ್ಳುವ ಗಳಿಗೆ. ನನ್ನಿಂದ ಆಗುತ್ತಿಲ್ಲ, ನೀನು ಬಾ ಅನ್ನುವುದು ಕಷ್ಟದ ಮಾತು, ದೊಡ್ಡವರಿಗೂ ಕಷ್ಟ. ಮನೆಯಲ್ಲಿ ನೀವೇ ಹಾಗೆ ಹೇಳಿ ತೋರಿಸಿ. ಬೀರು ಹಿಂದೆ ನಾಣ್ಯ ಬಿದ್ದಾಗ ‘ನನ್ನ ಕೈ ದೊಡ್ಡದು, ಸಂದಿಗೆ ಹೋಗಲ್ಲ. ನಿನ್ನ ಕೈ ನನ್ನದಕ್ಕಿಂತ ಚಿಕ್ಕದು. ಸ್ವಲ್ಪ ತೆಗೆದುಕೊಡ್ತೀಯಾ ಕಂದಾ?’ ಅನ್ನಿ. ಚಿಕ್ಕದಾಗಿರುವುದರಿಂದಲೇ ಒಂದು ಕೆಲಸ ಆಯಿತು ಎಂದು ಅವನಿಗೆ ಮೊದಲ ಸಲ ಗೊತ್ತಾಗುತ್ತದೆ. ಇನ್ನೊಂದು ದಿನ ಮಂಚದ ಕೆಳಗೆ ಚೆಂಡು ಹೋದಾಗ ಅವನೇ ತಂಗಿಯನ್ನು ಕರೆಯಬಹುದು. ನಾನು ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಪಂಚತಂತ್ರದ ಕಥೆಗಳು ಕನ್ನಡಕ್ಕೆ ಹೊಸದಲ್ಲ. ದುರ್ಗಸಿಂಹ ಸುಮಾರು 1031ರಲ್ಲೇ ಪಂಚತಂತ್ರವನ್ನು ಕನ್ನಡದಲ್ಲಿ ಬರೆದ. ಆದರೆ ಮೂಲತಃ ಅವು ದೊಡ್ಡವರಿಗೆ, ರಾಜನೀತಿ ಕಲಿಯುವವರಿಗೆ ಇದ್ದ ಕಥೆಗಳು. ಸಿಂಹವನ್ನು ಬಾವಿಗೆ ಬೀಳಿಸುವ ಮೊಲ, ಆನೆಯ ಕಣ್ಣು ಕುಕ್ಕಿಸಿ ಕೊಲ್ಲಿಸುವ ಗುಬ್ಬಚ್ಚಿ, ಇವೆರಡನ್ನೂ ಆರೇಳು ವರ್ಷದವರೆಗೆ ಎತ್ತಿಡಿ. ಅವುಗಳಲ್ಲಿ ಉಪಾಯ ಇದೆ, ಸೇಡು ಇದೆ, ವಿನಯ ಇಲ್ಲ. ಆನೆಗಳು ಇಲಿಗಳ ಊರನ್ನು ತುಳಿಯದೆ ಬೇರೆ ದಾರಿಯಲ್ಲಿ ಹೋಗುವ ಕಥೆ ಮಾತ್ರ ಈಗಲೇ ಹೇಳಿ. ಅದರಲ್ಲಿ ನಾನು ನಿಲ್ಲಿಸಿ ಕೇಳುವುದು ಒಂದೇ: ‘ಆನೆಗೆ ಇಲಿಯ ಮಾತು ಕೇಳಿಸಬೇಕು ಅಂದ್ರೆ ಆನೆ ಏನು ಮಾಡಬೇಕು?’ ‘ಬಗ್ಗಬೇಕು!’ ಎಂದು ಎಲ್ಲರೂ ಬಗ್ಗುತ್ತಾರೆ.

ಆನೆ ಎಷ್ಟು ದೊಡ್ಡದು ಅನ್ನುವುದನ್ನು ಚಿತ್ರದಲ್ಲಿ ತೋರಿಸಲು ಆಗುವುದಿಲ್ಲ. ಹತ್ತು ಅಡಿ ಹಗ್ಗ ತಗೊಳ್ಳಿ. ದೊಡ್ಡ ಗಂಡಾನೆಯ ಭುಜ ಹೆಚ್ಚುಕಡಿಮೆ ಅಷ್ಟು ಎತ್ತರ, ಮನೆಯ ಸೂರು ಮುಟ್ಟುತ್ತದೆ. ಇನ್ನೊಂದು ಮೂರಡಿ ಹಗ್ಗ ಇರಲಿ, ಅದು ಆಗ ತಾನೇ ಹುಟ್ಟಿದ ಆನೆಮರಿ. ನಿಮ್ಮ ಮಗನ ಪಕ್ಕದಲ್ಲಿ ಹಿಡಿದು ನೋಡಿ, ಆನೆಮರಿಗಿಂತ ಅವನೇ ಸ್ವಲ್ಪ ಎತ್ತರ ಇರಬಹುದು! ತೂಕ ಬಂದಾಗ ಮಾತ್ರ ಮರಿಯೇ ಗೆಲ್ಲುತ್ತದೆ, ಹುಟ್ಟುವಾಗಲೇ ಸುಮಾರು 100 ಕೆ.ಜಿ. ಎತ್ತರಕ್ಕೆ ಒಬ್ಬರು, ಭಾರಕ್ಕೆ ಇನ್ನೊಬ್ಬರು. ಗುಬ್ಬಚ್ಚಿಯ ತೂಕ ಗೊತ್ತಾಗಲು ಅವನ ಅಂಗೈ ಮೇಲೆ ಹತ್ತು ರೂಪಾಯಿಯ ನಾಲ್ಕು ನಾಣ್ಯ ಇಡಿ, ಹೆಚ್ಚುಕಡಿಮೆ ಅಷ್ಟೇ. ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ. ಅಂಬಾರಿ ಹೊತ್ತ ಆನೆ ಅಭಿಮನ್ಯು 5000 ಕೆ.ಜಿ. ದಾಟಿದ್ದ, ಅಂಬಾರಿಯೇ 750 ಕೆ.ಜಿ. ಆ ಆನೆಯೂ ಕತ್ತಿನ ಮೇಲೆ ಕೂತ ಮಾವುತನ ಮಾತು ಕೇಳುತ್ತದೆ. ಟಿವಿಯಲ್ಲಿ ಜಂಬೂ ಸವಾರಿ ಬರುವಾಗ ಇದನ್ನು ತೋರಿಸಿ.

ನಿಮ್ಮ ಜಿಲ್ಲೆಯಲ್ಲೇ ಇರುವ ಒಂದು ಜಾಗವನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ. ಆರು ಆನೆ ಒಂದರ ಮೇಲೊಂದು ನಿಂತಷ್ಟು. ಅಲ್ಲೇ ಗುಳ್ಳಕಾಯಜ್ಜಿಯ ವಿಗ್ರಹವೂ ಇದೆ. ಮೂರ್ತಿ ಮಾಡಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದ ಮುಟ್ಟಲಿಲ್ಲವಂತೆ. ಒಬ್ಬ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಅಡಿಯವರೆಗೂ ಹರಿಯಿತಂತೆ. ಇದು ಪ್ರಾಣಿ ಕಥೆಯಲ್ಲ. ಆದರೆ ತಲೆ ಎತ್ತಿ ಎತ್ತಿ ಕತ್ತು ನೋಯಿಸಿಕೊಂಡ ಮಗು ತಿರುಗಿ ಆ ಅಜ್ಜಿಯನ್ನು ನೋಡುವುದನ್ನು ನಾನು ನೋಡಿದ್ದೇನೆ. ‘ಅಜ್ಜಿ ನನ್ನ ಅಜ್ಜಿ ಥರ ಇದ್ದಾಳೆ’ ಅಂದಿದ್ದ ಒಬ್ಬ.

ಕೆಲವು ಮಾತುಗಳನ್ನು ಮಾತ್ರ ದಯವಿಟ್ಟು ಬಿಡಿ. ‘ನೋಡು, ನೀನೂ ಆ ಕಪ್ಪೆ ಥರಾನೇ’ ಅನ್ನಬೇಡಿ. ಕಥೆಯನ್ನು ಮಗುವಿನ ಮೇಲೆ ಬೀಸಿದ ದಿನ ಅದು ಆ ಕಥೆಯನ್ನು ಮತ್ತೆ ಕೇಳುವುದಿಲ್ಲ. ಅವನು ಎದ್ದು ಓಡಿದ್ದು ಅದಕ್ಕೇ. ನೀತಿಯನ್ನು ನೀವು ಹೇಳಬೇಡಿ, ಅದೇ ಕಥೆಯನ್ನು ಹತ್ತು ಸಲ ಹೇಳಿ. ನಾಲ್ಕನೆಯ ಸಲಕ್ಕೋ ಏಳನೆಯ ಸಲಕ್ಕೋ ಅವನೇ ಏನೋ ಹೇಳುತ್ತಾನೆ. ಅಕ್ಕಪಕ್ಕದ ಮಕ್ಕಳ ಜೊತೆ, ತಂಗಿಯ ಜೊತೆ ಹೋಲಿಸಿ ಕೀಳು ಮಾಡಬೇಡಿ. ಡಬ್ಬಿ, ಚಪ್ಪಲಿ, ಆನೆ, ಇಲಿ ಹೋಲಿಸಲು ಬೇಕಾದಷ್ಟಿವೆ.

ಇನ್ನೊಂದು ಮಾತನ್ನು ನೀವು ಗಮನಿಸಿರಲಿಕ್ಕಿಲ್ಲ. ಬೆಳಿಗ್ಗೆ ‘ನೀನು ಈಗ ದೊಡ್ಡವನು, ಅಳಬಾರದು, ತಂಗಿಗೆ ಬಿಟ್ಟುಕೊಡು’ ಅನ್ನುತ್ತೇವೆ. ಸಂಜೆ ಅದೇ ಮಗುವಿಗೆ ‘ನೀನಿನ್ನೂ ಚಿಕ್ಕವನು, ಚಾಕು ಮುಟ್ಟಬೇಡ’ ಅನ್ನುತ್ತೇವೆ. ಅವನಿಗೆ ತಾನು ಏನು ಅನ್ನುವುದೇ ತಿಳಿಯುವುದಿಲ್ಲ. ಎರಡು ಕಡೆಯೂ ‘ಗಿಂತ’ ಸೇರಿಸಿ. ‘ತಂಗಿಗಿಂತ ನೀನು ದೊಡ್ಡವನು, ಅವಳಿಗೆ ಇನ್ನೂ ಮಾತು ಬರಲ್ಲ, ನಿನಗೆ ಬರುತ್ತೆ, ಅವಳಿಗೆ ಏನು ಬೇಕು ಕೇಳು.’ ‘ಚಾಕು ಹಿಡಿಯೋಕೆ ನಿನ್ನ ಕೈ ಅಪ್ಪನ ಕೈಗಿಂತ ಚಿಕ್ಕದು, ಆಮೇಲೆ ಕಲಿಯೋಣ.’ ಮಾತು ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಅವನು ಆಟಿಕೆ ಕಿತ್ತುಕೊಳ್ಳುವುದು ಇದರಿಂದ ವಾರದಲ್ಲಿ ನಿಲ್ಲುವುದಿಲ್ಲ. ಆ ಹೊತ್ತಿಗೆ ಕಥೆ ಬೇಡ, ಕೈ ಹಿಡಿದು ‘ಕಿತ್ತುಕೊಳ್ಳಬಾರದು, ಕೇಳು’ ಅಷ್ಟೇ ಸಾಕು. ಕಥೆ ರಾತ್ರಿಗೆ.

ಈಗ ಕಪ್ಪೆ ಮರಿಯ ಊಟದ ಪ್ರಶ್ನೆ. ಹಗಲು ಹೊತ್ತಿನಲ್ಲಿ ಕೇಳಿದರೆ ನಿಜ ಹೇಳಿ. ಕಪ್ಪೆ ಮೊಟ್ಟೆ ಇಡುತ್ತದೆ, ಗೊದಮೊಟ್ಟೆಗಳು ನೀರಿನಲ್ಲಿ ಪಾಚಿ ಕೆರೆದು ತಿಂದು ತಾವೇ ಬೆಳೆಯುತ್ತವೆ. ಮಳೆಗಾಲದಲ್ಲಿ ಕೆರೆ ಅಂಚಿಗೆ ಕರೆದುಕೊಂಡು ಹೋಗಿ ತೋರಿಸಿ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದರೆ ಗೊದಮೊಟ್ಟೆಯ ವಿಷಯ ಬೇಡ. ‘ಅದರ ಅಮ್ಮನೇ ಕೊಡ್ತಾಳೆ ಕಂದಾ. ಗಾಳಿ ಬಿಟ್ಟು ಮೊದಲಿನ ಹಾಗೇ ಆದ್ಲು. ಮರಿ ಪಕ್ಕದಲ್ಲೇ ಇದ್ದಾಳೆ’ ಎಂದು ಹೇಳಿ.